ಕಂಪ್ಯೂಟರಿಗೊಂದು ಮನೆ: ಸ್ವಂತ ಕೈಯಿಂದ ಕಟ್ಟಿದ ಪೆಟ್ಟಿಗೆಗಳ ಇತಿಹಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೈಹಾಕಿದವನಿಗೆ ಮಾತ್ರ ಆ ಕೆಲಸದ ಕಷ್ಟ ತಿಳಿಯುತ್ತದೆ, ಅದರ ಒಳಹೊರಗೂ ಅವನಿಗೇ ತಿಳಿಯುತ್ತದೆ ಎಂಬುದು ಈ ಗಾದೆಯ ತಾತ್ಪರ್ಯ. ಈ ಮಾತು ಕಂಪ್ಯೂಟರಿನ ಮನೆಗೂ ಅನ್ವಯಿಸುತ್ತದೆ. ಕಂಪ್ಯೂಟರಿನ ಇತಿಹಾಸವನ್ನು ಬರೆಯುವವರು ಪ್ರೊಸೆಸರ್, ಮೆಮೊರಿ, ಸಾಫ್ಟ್‌ವೇರ್ ಮುಂತಾದವುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಇವೆಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಪೆಟ್ಟಿಗೆಯ ಬಗ್ಗೆ ಬರೆದವರು ಕಡಿಮೆ. ಆದರೆ ಕಂಪ್ಯೂಟರ್ ಯಾರ ಕೈಯಲ್ಲಿತ್ತು, ಯಾರು ಅದನ್ನು ತೆರೆದು ನೋಡಬಹುದಾಗಿತ್ತು, ಯಾರು ದೂರ ನಿಂತು ನೋಡಬೇಕಾಗಿತ್ತು ಎಂಬುದನ್ನು ಆ ಪೆಟ್ಟಿಗೆಯಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳಲಾರದು.

ನಮ್ಮಲ್ಲಿ ಅಂಗಡಿಯವರು ಈ ಪೆಟ್ಟಿಗೆಯನ್ನು ‘ಕ್ಯಾಬಿನೆಟ್’ ಎನ್ನುತ್ತಾರೆ. ಶಾಲೆ ಕಾಲೇಜುಗಳಲ್ಲಿ ಅದಕ್ಕೆ ‘ಸಿಪಿಯು’ ಎಂಬ ಹೆಸರು ಅಂಟಿಕೊಂಡಿದೆ. ವಾಸ್ತವವಾಗಿ ಸಿಪಿಯು ಎಂಬುದು ಒಳಗಿರುವ ಒಂದು ಬಿಸ್ಕತ್ತಿನಷ್ಟು ದೊಡ್ಡ ಚಿಪ್. ಅದರ ಹೆಸರನ್ನು ಇಡೀ ಪೆಟ್ಟಿಗೆಗೆ ಕೊಟ್ಟಿರುವುದು ಮನೆಯ ಯಜಮಾನನ ಹೆಸರಿನಿಂದ ಮನೆಯನ್ನೇ ಕರೆದಂತೆ. ಒಳಗೆ ಏನೇನಿದೆ ಎಂದು ನಮ್ಮಲ್ಲಿ ಬಹಳ ಮಂದಿ ಇಣುಕಿ ನೋಡಿಲ್ಲ ಎಂಬುದನ್ನೂ ಈ ಹೆಸರು ಸೂಚಿಸುತ್ತದೆ. ಜಗತ್ತಿನ ಬೇರೆ ಬೇರೆ ಕಡೆ ಇಣುಕಿ ನೋಡಿದವರು, ಅಷ್ಟಕ್ಕೇ ನಿಲ್ಲದೆ ಮರ, ತಗಡು, ಆಟಿಕೆ, ಪ್ಲಾಸ್ಟಿಕ್ ಕ್ಯಾನುಗಳಿಂದ ಕಂಪ್ಯೂಟರಿಗೆ ತಾವೇ ಮನೆ ಕಟ್ಟಿದವರು ಇದ್ದಾರೆ. ಅವರ ಕಥೆಯನ್ನು ಸಂಕ್ಷಿಪ್ತವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಪೆಟ್ಟಿಗೆಯ ಕೆಲಸವೇನು?

ಇತಿಹಾಸಕ್ಕೆ ಹೋಗುವ ಮೊದಲು ಒಂದು ಪ್ರಶ್ನೆ. ಕಂಪ್ಯೂಟರಿಗೆ ಪೆಟ್ಟಿಗೆ ಏಕೆ ಬೇಕು? ಪೆಟ್ಟಿಗೆಯಿಲ್ಲದೆ ಮೇಜಿನ ಮೇಲೆ ಹರಡಿಟ್ಟರೂ ಮದರ್‌ಬೋರ್ಡ್ ಕೆಲಸ ಮಾಡುತ್ತದೆ. ಹಾಗಿದ್ದರೂ ಪೆಟ್ಟಿಗೆ ನಾಲ್ಕು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ಬೋರ್ಡು, ಡಿಸ್ಕು, ಕಾರ್ಡುಗಳನ್ನು ಅಲುಗಾಡದಂತೆ ಹಿಡಿದಿಡುವುದು. ಎರಡನೆಯದು, ಒಳಗೆ ಹುಟ್ಟುವ ಶಾಖವನ್ನು ಹೊರಗೆ ಕಳುಹಿಸುವುದು. ಮೂರನೆಯದು, ಧೂಳು, ನೀರು, ಮಕ್ಕಳ ಕೈ, ಇರುವೆ ಹಲ್ಲಿಗಳಿಂದ ಯಂತ್ರವನ್ನೂ, ವಿದ್ಯುತ್ತಿನಿಂದ ಮನುಷ್ಯನನ್ನೂ ಕಾಪಾಡುವುದು. ನಾಲ್ಕನೆಯದು ಹೆಚ್ಚು ಮಂದಿಗೆ ತಿಳಿಯದ ಕೆಲಸ. ಕಂಪ್ಯೂಟರಿನೊಳಗಿನ ವೇಗದ ವಿದ್ಯುತ್ ಮಿಡಿತಗಳು ಪುಟ್ಟ ರೇಡಿಯೋ ನಿಲ್ದಾಣದಂತೆ ಅಲೆಗಳನ್ನು ಹೊರಸೂಸುತ್ತವೆ. ಲೋಹದ ಪೆಟ್ಟಿಗೆ ಆ ಅಲೆಗಳನ್ನು ಒಳಗೇ ತಡೆಯುತ್ತದೆ.

ಸ್ವಂತವಾಗಿ ಪೆಟ್ಟಿಗೆ ಕಟ್ಟಲು ಹೊರಟವರೆಲ್ಲರೂ ಈ ನಾಲ್ಕು ಕೆಲಸಗಳನ್ನು ತಾವೇ ಕಲಿಯಬೇಕಾಯಿತು. ಪುಸ್ತಕದಲ್ಲಿ ಓದಿದ ಶಾಖದ ಪಾಠ, ವಿದ್ಯುತ್ತಿನ ಪಾಠ ಅವರ ಕೈಗೆ ಬಂದದ್ದು ಈ ಮಾರ್ಗದಿಂದ.

ಖಾಲಿ ಪೆಟ್ಟಿಗೆ ಮತ್ತು ಬರಿಯ ಬೋರ್ಡು

ಮನೆಯಲ್ಲಿಟ್ಟುಕೊಳ್ಳುವ ಕಂಪ್ಯೂಟರಿನ ಇತಿಹಾಸ ಸಾಮಾನ್ಯವಾಗಿ 1975ರ ಜನವರಿಯಿಂದ ಆರಂಭವಾಗುತ್ತದೆ. ಆ ತಿಂಗಳ ‘ಪಾಪ್ಯುಲರ್ ಇಲೆಕ್ಟ್ರಾನಿಕ್ಸ್’ ಎಂಬ ಅಮೆರಿಕನ್ ಪತ್ರಿಕೆಯ ಮುಖಪುಟದಲ್ಲಿ ‘ಆಲ್ಟೇರ್ 8800’ ಎಂಬ ಯಂತ್ರದ ಚಿತ್ರ ಪ್ರಕಟವಾಯಿತು. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರದ ಎಡ್ ರಾಬರ್ಟ್ಸ್ ಎಂಬವರ ಪುಟ್ಟ ಕಂಪೆನಿ ಅದನ್ನು ತಯಾರಿಸಿತ್ತು. ಬಿಡಿಭಾಗಗಳ ಕಿಟ್ಟಿನ ಬೆಲೆ 397 ಡಾಲರ್. ಕೊಂಡವರು ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕಿತ್ತು.

ಸ್ವಾರಸ್ಯದ ಸಂಗತಿಯೆಂದರೆ ಮುಖಪುಟದ ಚಿತ್ರದಲ್ಲಿದ್ದುದು ಕಂಪ್ಯೂಟರೇ ಆಗಿರಲಿಲ್ಲ. ತಯಾರಾಗಿದ್ದ ಒಂದೇ ಒಂದು ಮಾದರಿ ಪತ್ರಿಕೆಯ ಕಚೇರಿಗೆ ಸಾಗಿಸುವಾಗ ದಾರಿಯಲ್ಲಿ ಕಳೆದುಹೋಯಿತು. ಬೇರೊಂದನ್ನು ಮಾಡಲು ಸಮಯವಿಲ್ಲದೆ, ಸ್ವಿಚ್ಚು ಮತ್ತು ದೀಪಗಳನ್ನು ಹೊಂದಿದ ಖಾಲಿ ಪೆಟ್ಟಿಗೆಯೊಂದನ್ನು ಕಳುಹಿಸಿ ಫೋಟೋ ತೆಗೆಸಲಾಯಿತು. ಹೀಗೆ ಜಗತ್ತಿನ ಹವ್ಯಾಸಿಗಳನ್ನು ಕಂಪ್ಯೂಟರಿನತ್ತ ಸೆಳೆದದ್ದು ಒಳಗೆ ಏನೂ ಇಲ್ಲದ ಒಂದು ಪೆಟ್ಟಿಗೆ! ಕೆಲವು ನೂರು ಗಿರಾಕಿಗಳು ಸಿಗಬಹುದೆಂದು ಲೆಕ್ಕ ಹಾಕಿದ್ದ ಕಂಪೆನಿಗೆ ಕೆಲವೇ ತಿಂಗಳುಗಳಲ್ಲಿ ಸಾವಿರಾರು ಬೇಡಿಕೆಗಳು ಬಂದವು.

ಅದೇ ವರ್ಷ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್ ಎಂಬಲ್ಲಿ ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಗ್ಯಾರೇಜಿನಲ್ಲಿ ಸುಮಾರು 30 ಮಂದಿ ಹವ್ಯಾಸಿಗಳು ಸೇರಿದರು. ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಎಂದು ಹೆಸರಾದ ಸಂಘ ಹುಟ್ಟಿದ್ದು ಹೀಗೆ. ತಾನು ಕಲಿತದ್ದನ್ನು ಇತರರಿಗೆ ಹೇಳಿಕೊಡುವುದು, ತನ್ನಲ್ಲಿರುವ ನಕ್ಷೆಯನ್ನು ಹಂಚಿಕೊಳ್ಳುವುದು ಅಲ್ಲಿನ ಪದ್ಧತಿಯಾಗಿತ್ತು. ಆ ಸಂಘದ ಸದಸ್ಯರಲ್ಲಿ ಸ್ಟೀವ್ ವೋಜ್ನಿಯಾಕ್ ಒಬ್ಬರು. ಅವರು ರೂಪಿಸಿದ ಬೋರ್ಡನ್ನು ಗೆಳೆಯ ಸ್ಟೀವ್ ಜಾಬ್ಸ್ 1976ರಲ್ಲಿ ಮಾರಾಟಕ್ಕೆ ತಂದರು. ಅದುವೇ ‘ಆಪಲ್-1’. ಅಂಗಡಿಯಲ್ಲಿ ಅದರ ಬೆಲೆ 666.66 ಡಾಲರ್.

ಇಷ್ಟು ಹಣ ಕೊಟ್ಟವರಿಗೆ ಸಿಕ್ಕಿದ್ದು ಬರಿಯ ಒಂದು ಬೋರ್ಡು. ಪೆಟ್ಟಿಗೆ, ಕೀಬೋರ್ಡ್, ಟ್ರಾನ್ಸ್‌ಫಾರ್ಮರ್, ಪರದೆ ಇವಾವುದೂ ಅದರ ಜೊತೆಗಿರಲಿಲ್ಲ. 50 ಯಂತ್ರಗಳಿಗೆ ಬೇಡಿಕೆ ಸಲ್ಲಿಸಿದ್ದ ‘ಬೈಟ್ ಶಾಪ್’ ಅಂಗಡಿಯ ಮಾಲಿಕ ಪಾಲ್ ಟೆರೆಲ್ ಅವರು ಪೂರ್ಣ ಕಂಪ್ಯೂಟರ್ ಬರುತ್ತದೆಂದು ನಿರೀಕ್ಷಿಸಿದ್ದರು. ಬಂದ ಬೋರ್ಡುಗಳನ್ನು ನೋಡಿ ಅವರಿಗೆ ನಿರಾಸೆಯಾಯಿತಾದರೂ ಕೊಟ್ಟ ಮಾತಿನಂತೆ ಹಣ ಕೊಟ್ಟರು. ಆ ಮೇಲೆ ಅಂಗಡಿಯವರೇ ಕೆಲವು ಬೋರ್ಡುಗಳಿಗೆ ‘ಕೋವಾ’ ಎಂಬ ಹವಾಯಿ ದ್ವೀಪದ ಮರದಿಂದ ಪೆಟ್ಟಿಗೆ ಮಾಡಿಸಿದರು. ಉಳಿದ ಗಿರಾಕಿಗಳು ತಮಗೆ ತೋಚಿದಂತೆ, ತಮ್ಮ ಮನೆಯಲ್ಲಿದ್ದ ಸಾಮಗ್ರಿಯಿಂದ ಮಾಡಿಕೊಂಡರು. ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಮರದ ಪೆಟ್ಟಿಗೆಯಲ್ಲಿ ಕೂರಿಸಿದ ಒಂದು ಆಪಲ್-1 ಇದೆ. ಕಬ್ಬಿಣದ ಕೋಣೆಯಿಂದ ಇಳಿದು ಬಂದ ಕಂಪ್ಯೂಟರ್ ಮನೆಗೆ ಕಾಲಿಟ್ಟದ್ದು ಬಡಗಿಯ ಕೈಯ ಮೂಲಕ ಎಂದರೆ ತಪ್ಪಾಗಲಾರದು.

ಮರ ಸುಲಭವಾಗಿ ಸಿಗುತ್ತದೆ, ಗರಗಸ ಮತ್ತು ಉಳಿಯಿಂದ ಬೇಕಾದ ಆಕಾರ ಕೊಡಬಹುದು, ವಿದ್ಯುತ್ತನ್ನು ಹರಿಯಗೊಡದು. ಆದರೆ ಶಾಖವನ್ನೂ ಅದು ಹರಿಯಗೊಡದು. ಆದುದರಿಂದ ಮರದ ಪೆಟ್ಟಿಗೆ ಮಾಡುವವರು ಗಾಳಿಯಾಡಲು ಕಿಂಡಿಗಳನ್ನು ಬಿಡಬೇಕಿತ್ತು. 1976ರಲ್ಲಿ ಲೀ ಫೆಲ್ಸನ್‌ಸ್ಟೈನ್ ಅವರ ವಿನ್ಯಾಸದಲ್ಲಿ ಬಂದ ‘ಸೋಲ್-20’ ಎಂಬ ಕಂಪ್ಯೂಟರ್ ಲೋಹದ ಮೈಗೆ ಎರಡೂ ಬದಿಯಲ್ಲಿ ಅಕ್ರೋಟು ಮರದ ಹಲಗೆಗಳನ್ನು ಜೋಡಿಸಿಕೊಂಡಿತ್ತು.

ಆಪಲ್-1 ಯಂತ್ರಗಳು ತಯಾರಾದದ್ದು ಸುಮಾರು 200 ಮಾತ್ರ. ಕ್ಯಾಲಿಫೋರ್ನಿಯಾದ ಚಾಫೀ ಕಾಲೇಜಿನ ಇಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕರೊಬ್ಬರು ಕೋವಾ ಮರದ ಪೆಟ್ಟಿಗೆಯಲ್ಲಿದ್ದ ಒಂದನ್ನು ಕೊಂಡಿದ್ದರು. 1977ರಲ್ಲಿ ಹೊಸ ಯಂತ್ರ ಕೊಳ್ಳಲೆಂದು ಅದನ್ನು ತಮ್ಮ ವಿದ್ಯಾರ್ಥಿಯೊಬ್ಬನಿಗೆ 650 ಡಾಲರಿಗೆ ಮಾರಿದರು. 2021ರ ನವೆಂಬರಿನಲ್ಲಿ ಅದೇ ಪೆಟ್ಟಿಗೆ ಹರಾಜಿನಲ್ಲಿ 4 ಲಕ್ಷ ಡಾಲರಿಗೆ ಹೋಯಿತು.

ಪೆಟ್ಟಿಗೆಗೆ ಬೀಗ ಬಿದ್ದದ್ದು

ಬರಿಯ ಬೋರ್ಡನ್ನು ಎಲ್ಲರೂ ಕೊಳ್ಳುವುದಿಲ್ಲ ಎಂಬ ಪಾಠವನ್ನು ಜಾಬ್ಸ್ ಬೈಟ್ ಶಾಪ್‌ನಲ್ಲಿ ಕಲಿತರು. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಂಪ್ಯೂಟರ್ ಮೇಳದಲ್ಲಿ ‘ಆಪಲ್-2’ ಪ್ರದರ್ಶನಗೊಂಡಾಗ ಅದು ಜೆರ್ರಿ ಮ್ಯಾನಾಕ್ ಎಂಬ ವಿನ್ಯಾಸಕಾರರು ರೂಪಿಸಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿತ್ತು. ನೋಡುವುದಕ್ಕೆ ಟೈಪ್‌ರೈಟರಿನಂತೆ, ಮನೆಯ ಸಾಮಾನಿನಂತೆ ಕಾಣುತ್ತಿತ್ತು. ಅದರ ಮುಚ್ಚಳವನ್ನು ಉಪಕರಣಗಳಿಲ್ಲದೆ ಕೈಯಿಂದಲೇ ತೆರೆಯಬಹುದಿತ್ತು. ಒಳಗೆ ಹೊಸ ಕಾರ್ಡುಗಳನ್ನು ಸೇರಿಸಲು ಎಂಟು ಸ್ಲಾಟುಗಳಿದ್ದವು. ಕೊಳ್ಳುವವನಿಗೆ ಸಿದ್ಧ ಮನೆ ಸಿಕ್ಕಿತು, ಬಾಗಿಲು ಮಾತ್ರ ತೆರೆದೇ ಇತ್ತು.

ಬಾಗಿಲು ಮುಚ್ಚಲು ಹಲವು ಕಾರಣಗಳು ಸೇರಿದವು. ಒಂದು ಕಾರಣ ನಾವು ಮೊದಲೇ ಹೇಳಿದ ರೇಡಿಯೋ ಅಲೆಗಳು. 1975ರಲ್ಲಿ ಹೋಮ್‌ಬ್ರೂ ಕ್ಲಬ್ಬಿನ ಸ್ಟೀವ್ ಡಾಂಪಿಯರ್ ತಮ್ಮ ಆಲ್ಟೇರ್ ಯಂತ್ರದ ಬಳಿ ಒಂದು ಸಣ್ಣ ರೇಡಿಯೋ ಇಟ್ಟು, ಕಂಪ್ಯೂಟರ್ ಸೂಸುವ ಅಲೆಗಳಿಂದಲೇ ಹಾಡು ಕೇಳಿಸಿ ಸಭಿಕರನ್ನು ಬೆರಗುಗೊಳಿಸಿದ್ದರು. ಹವ್ಯಾಸಿಗಳಿಗೆ ಇದು ಮೋಜು. ಆದರೆ ಇಂತಹ ಯಂತ್ರಗಳು ಮನೆಮನೆಗೆ ಬಂದಾಗ ನೆರೆಮನೆಯ ಟಿವಿ ಮತ್ತು ರೇಡಿಯೋಗಳಿಗೆ ತೊಂದರೆಯಾಗತೊಡಗಿತು. 1979ರಲ್ಲಿ ಅಮೆರಿಕ ಸರಕಾರದ ಸಂಪರ್ಕ ಆಯೋಗವು ಕಂಪ್ಯೂಟರುಗಳಿಗೆ ಹೊಸ ನಿಯಮಗಳನ್ನು ಮಾಡಿತು. ಆ ನಿಯಮಗಳಿಗೆ ಹೊಂದಿಕೊಳ್ಳಲಾಗದ ಕಾರಣ ಬಹಳ ಜನಪ್ರಿಯವಾಗಿದ್ದ ‘ಟಿಆರ್‌ಎಸ್-80’ ಕಂಪ್ಯೂಟರಿನ ಮೊದಲ ಮಾದರಿಯ ತಯಾರಿಕೆ 1981ರ ಆರಂಭದಲ್ಲಿ ನಿಂತಿತು. ಲೋಹದಿಂದ ಸರಿಯಾಗಿ ಮುಚ್ಚಿದ ಪೆಟ್ಟಿಗೆ ಅನಿವಾರ್ಯವಾಯಿತು.

1981ರ ಆಗಸ್ಟ್ 12ರಂದು ಐಬಿಎಂ ಕಂಪೆನಿ ತನ್ನ ‘ಪಿಸಿ’ಯನ್ನು ಬಿಡುಗಡೆ ಮಾಡಿತು. ಮಾಸಲು ಬಣ್ಣದ ದಪ್ಪ ತಗಡಿನ ಪೆಟ್ಟಿಗೆ ಅದರದು. ಆ ಬಣ್ಣ, ಆ ಆಕಾರ ಮುಂದಿನ ಇಪ್ಪತ್ತು ವರ್ಷ ಜಗತ್ತಿನ ಎಲ್ಲ ಕಚೇರಿಗಳಲ್ಲಿ ಕಾಣಿಸಿತು. 1984ರಲ್ಲಿ ಬಂದ ‘ಪಿಸಿ ಎಟಿ’ಯ ಮುಂಭಾಗದಲ್ಲಿ ನಿಜವಾದ ಬೀಗವೇ ಇತ್ತು. ಬೀಗ ಹಾಕಿದರೆ ಮುಚ್ಚಳ ತೆರೆಯುತ್ತಿರಲಿಲ್ಲ, ಕೀಬೋರ್ಡೂ ಕೆಲಸ ಮಾಡುತ್ತಿರಲಿಲ್ಲ. ಅದೇ ವರ್ಷ ಬಂದ ಆಪಲ್ ಕಂಪೆನಿಯ ‘ಮ್ಯಾಕಿಂಟಾಷ್’ ಬೀಗಕ್ಕಿಂತ ಬಿಗಿಯಾದ ಉಪಾಯ ಮಾಡಿತು. ಸಾಮಾನ್ಯ ಸ್ಕ್ರೂಡ್ರೈವರಿನಿಂದ ತಿರುಗಿಸಲಾಗದ ಸ್ಕ್ರೂಗಳನ್ನು ಆಳವಾದ ರಂಧ್ರಗಳಲ್ಲಿ ಇಟ್ಟು, ಬಳಸುವವರು ಪೆಟ್ಟಿಗೆಯನ್ನು ತೆರೆಯದಂತೆ ಮಾಡಿತು. ಆ ಪೆಟ್ಟಿಗೆಯ ಒಳಗೋಡೆಯಲ್ಲಿ ಅದನ್ನು ತಯಾರಿಸಿದ ತಂಡದವರ ಸಹಿಗಳನ್ನು ಅಚ್ಚು ಹಾಕಲಾಗಿತ್ತು. ತೆರೆಯದವರಿಗೆ ಅವು ಕಾಣುತ್ತಿರಲಿಲ್ಲ.

ಒಂದು ಪತ್ರಿಕೆ, ಎಂಟು ಸಾವಿರ ಕಂಪ್ಯೂಟರುಗಳು

ಶ್ರೀಮಂತ ದೇಶಗಳಲ್ಲಿ ಹೀಗೆ ಸಿದ್ಧ ಪೆಟ್ಟಿಗೆ ಮನೆಮಾತಾಗುತ್ತಿದ್ದಾಗ, ಕಂಪ್ಯೂಟರನ್ನು ಕೊಳ್ಳುವುದೇ ಕಷ್ಟವಾಗಿದ್ದ ದೇಶಗಳಲ್ಲಿ ಏನಾಯಿತು? ಇದಕ್ಕೆ ಯುಗೊಸ್ಲಾವಿಯದ ಉದಾಹರಣೆ ಬಹಳ ಬೋಧಪ್ರದವಾಗಿದೆ. ಅಲ್ಲಿ ಇಂತಿಷ್ಟು ಬೆಲೆಗಿಂತ ಹೆಚ್ಚಿನ ವಸ್ತುಗಳನ್ನು ವಿದೇಶದಿಂದ ತರಲು ಸರಕಾರದ ನಿರ್ಬಂಧವಿತ್ತು. 1983ರಲ್ಲಿ ವೋಯಾ ಆಂಟೋನಿಚ್ ಎಂಬ ಇಲೆಕ್ಟ್ರಾನಿಕ್ಸ್ ತಜ್ಞರು ರಜೆಯಲ್ಲಿದ್ದಾಗ, ದುಬಾರಿ ಬಿಡಿಭಾಗಗಳಿಲ್ಲದೆ ಕಂಪ್ಯೂಟರ್ ಮಾಡುವ ಒಂದು ಉಪಾಯ ಹೊಳೆಯಿತು. ಪರದೆಯ ಮೇಲೆ ಚಿತ್ರ ಮೂಡಿಸಲು ಪ್ರತ್ಯೇಕ ಚಿಪ್ಪಿನ ಬದಲು ಮುಖ್ಯ ಪ್ರೊಸೆಸರಿನಿಂದಲೇ ಆ ಕೆಲಸ ಮಾಡಿಸಿದರೆ ಬೆಲೆ ಬಹಳಷ್ಟು ಇಳಿಯುತ್ತದೆ ಎಂಬುದೇ ಆ ಉಪಾಯ.

ಆಂಟೋನಿಚ್ ತಮ್ಮ ವಿನ್ಯಾಸವನ್ನು ಗುಟ್ಟಾಗಿಡಲಿಲ್ಲ. ದೇಯಾನ್ ರಿಸ್ತಾನೊವಿಚ್ ಎಂಬ ಪತ್ರಕರ್ತರ ನೆರವಿನಿಂದ ‘ಗಲಾಕ್ಸಿಯಾ’ ಎಂಬ ವಿಜ್ಞಾನ ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಇಡೀ ನಕ್ಷೆಯನ್ನು ಪ್ರಕಟಿಸಿದರು. 1984ರ ಹೊಸ ವರ್ಷದ ಹೊತ್ತಿಗೆ ಓದುಗರ ಕೈಸೇರಿದ ಆ ಸಂಚಿಕೆಯನ್ನು ಮತ್ತೆ ಮತ್ತೆ ಮುದ್ರಿಸಬೇಕಾಯಿತು. ಕಂಪ್ಯೂಟರಿಗೂ ಗಲಾಕ್ಸಿಯಾ ಎಂಬ ಹೆಸರೇ ಉಳಿಯಿತು. ಬಿಡಿಭಾಗಗಳ ಕಿಟ್ ಬೇಕೆಂದು ಪತ್ರ ಬರೆದವರು 8,000ಕ್ಕೂ ಹೆಚ್ಚು.

ಈ ಕಂಪ್ಯೂಟರಿಗೂ ಸಿದ್ಧ ಪೆಟ್ಟಿಗೆ ಇರಲಿಲ್ಲ. ಪೆಟ್ಟಿಗೆಯನ್ನು ಹೇಗೆ ಮಾಡಬೇಕೆಂದು ಪತ್ರಿಕೆಯೇ ಹೇಳಿಕೊಟ್ಟಿತು. ಸರ್ಕಿಟ್ ಬೋರ್ಡ್ ಮಾಡಲು ಬಳಸುವ, ಒಂದು ಮುಖಕ್ಕೆ ತಾಮ್ರದ ಲೇಪವಿರುವ ಹಾಳೆಯನ್ನು ಅಳತೆಗೆ ಕತ್ತರಿಸಿ, ತಾಮ್ರಕ್ಕೆ ತಾಮ್ರವನ್ನು ಬೆಸುಗೆ ಹಾಕಿ ಪೆಟ್ಟಿಗೆಯ ಆಕಾರ ತರಬೇಕು. ಕೆಳಗಿನ ಮುಚ್ಚಳವನ್ನು ತೆಗೆಯಲು ಬರುವಂತಿಡಬೇಕು. ಹೊರಮೈಗೆ ಬಣ್ಣ ಬಳಿದು, ಅಂಟಿಸುವ ಅಕ್ಷರಗಳಿಂದ ಹೆಸರು ಬರೆದು, ಮೇಲೆ ವಾರ್ನಿಷ್ ಹಚ್ಚಬೇಕು. ಬೋರ್ಡಿಗೆ ಬೆಸುಗೆ ಹಾಕಲು ಕೊಂಡ ಅದೇ ಕಾವಿನ ಕಡ್ಡಿಯಿಂದ ಪೆಟ್ಟಿಗೆಯೂ ಸಿದ್ಧವಾಗುತ್ತಿತ್ತು. ಬೇರೆ ಯಂತ್ರ ಬೇಡ, ಬೇರೆ ಕಾರ್ಖಾನೆ ಬೇಡ. ಒಬ್ಬರ ಗಲಾಕ್ಸಿಯಾದಂತೆ ಇನ್ನೊಬ್ಬರದು ಇರುತ್ತಿರಲಿಲ್ಲ. ಬೆಲ್‌ಗ್ರೇಡ್ ರೇಡಿಯೋದಲ್ಲಿ ಜೋರಾನ್ ಮೋದ್ಲಿ ಎಂಬವರು ಪ್ರೋಗ್ರಾಮುಗಳನ್ನೇ ಶಬ್ದರೂಪದಲ್ಲಿ ಪ್ರಸಾರ ಮಾಡುತ್ತಿದ್ದರು. ಕೇಳುಗರು ಅದನ್ನು ಕ್ಯಾಸೆಟ್ಟಿಗೆ ಇಳಿಸಿ ತಮ್ಮ ಯಂತ್ರಕ್ಕೆ ತುಂಬಿಕೊಳ್ಳುತ್ತಿದ್ದರು.

ಗಮನಿಸಬೇಕಾದ ಸಂಗತಿ ಇದು: ಒಂದು ಪತ್ರಿಕೆ, ಒಂದು ರೇಡಿಯೋ ಕಾರ್ಯಕ್ರಮ ಮತ್ತು ತನ್ನ ವಿದ್ಯೆಯನ್ನು ಹಂಚಿಕೊಳ್ಳಲು ಸಿದ್ಧನಿದ್ದ ಒಬ್ಬ ತಜ್ಞ ಸೇರಿ, ದೊಡ್ಡ ಕಂಪೆನಿಗಳು ಮಾಡದ ಕೆಲಸವನ್ನು ಮಾಡಿ ತೋರಿಸಿದರು.

ಒಂದೇ ಅಳತೆ, ನೂರಾರು ಆಕಾರ

ಐಬಿಎಂ ತನ್ನ ಪಿಸಿಯ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿದರೂ ಅದರ ನಕ್ಷೆಯನ್ನು ತಾಂತ್ರಿಕ ಕೈಪಿಡಿಯಲ್ಲಿ ಪ್ರಕಟಿಸಿತ್ತು. ಬಿಡಿಭಾಗಗಳು ಕೂಡಾ ಮಾರುಕಟ್ಟೆಯಲ್ಲಿ ಸಿಗುವಂಥವು. ಹೀಗಾಗಿ ಇತರ ಕಂಪೆನಿಗಳು ಅದೇ ಬಗೆಯ ಯಂತ್ರಗಳನ್ನು ತಯಾರಿಸಿದವು. 1995ರಲ್ಲಿ ಇಂಟೆಲ್ ಕಂಪೆನಿ ‘ಎಟಿಎಕ್ಸ್’ ಎಂಬ ಅಳತೆಯ ನಿಯಮವನ್ನು ಪ್ರಕಟಿಸಿತು. ಬೋರ್ಡಿನ ಗಾತ್ರ 305 ಮತ್ತು 244 ಮಿಲಿಮೀಟರ್, ಸ್ಕ್ರೂ ರಂಧ್ರಗಳು ಇಂತಿಂಥ ಸ್ಥಳದಲ್ಲಿ, ಹಿಂಭಾಗದ ಕಿಂಡಿ ಇಷ್ಟಗಲ ಎಂದು ಅದರಲ್ಲಿ ನಿಗದಿಪಡಿಸಲಾಯಿತು. ಯಾವ ಕಂಪೆನಿಯ ಬೋರ್ಡಾದರೂ ಯಾವ ಕಂಪೆನಿಯ ಪೆಟ್ಟಿಗೆಯಲ್ಲಾದರೂ ಕೂರುವಂತಾಯಿತು.

ನಿಯಮ ಬಂದರೆ ಸ್ವಾತಂತ್ರ್ಯ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಆದದ್ದು ಬೇರೆ. ರಂಧ್ರಗಳು ಎಲ್ಲಿರುತ್ತವೆಂದು ಗೊತ್ತಿದ್ದರೆ ಆ ರಂಧ್ರಗಳಿಗೆ ಸರಿಹೊಂದುವ ಪೆಟ್ಟಿಗೆಯನ್ನು ಯಾರೂ ಮಾಡಬಹುದು, ನಾಳೆ ಬೋರ್ಡು ಹಳತಾದರೂ ಪೆಟ್ಟಿಗೆ ವ್ಯರ್ಥವಾಗುವುದಿಲ್ಲ.

ನಮ್ಮ ದೇಶದಲ್ಲಿ 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ನಿರ್ಬಂಧಗಳನ್ನು ಸಡಿಲಿಸಿತು. ಮುಂದೆ ಬೆಂಗಳೂರಿನ ಎಸ್.ಪಿ. ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಳಲ್ಲಿ ‘ಅಸೆಂಬಲ್ಡ್ ಕಂಪ್ಯೂಟರ್’ ವ್ಯಾಪಾರ ಬೆಳೆದದ್ದು ಇಂತಹ ಸಾಮಾನ್ಯ ಅಳತೆಗಳ ಬಲದಿಂದಲೇ. ಕಂಪೆನಿಯ ಕಂಪ್ಯೂಟರ್ ಕೊಳ್ಳಲಾಗದ ಎಷ್ಟೋ ಮನೆಗಳಿಗೆ, ಶಾಲೆಗಳಿಗೆ, ಸೈಬರ್ ಕೆಫೆಗಳಿಗೆ ಕಂಪ್ಯೂಟರ್ ಬಂದದ್ದು ಹೀಗೆ. ಅಂಗಡಿಯ ಕೌಂಟರಿನ ಮೇಲೆ ಬೋರ್ಡು ಜೋಡಿಸುತ್ತಿದ್ದ ಹುಡುಗರಲ್ಲಿ ಹಲವರು ಹಾರ್ಡ್‌ವೇರ್ ವಿದ್ಯೆಯನ್ನು ಕಲಿತದ್ದು ಆ ಕೌಂಟರಿನಲ್ಲೇ.

ಪಾಶ್ಚಾತ್ಯ ದೇಶಗಳಲ್ಲಿ ಇದೇ ಕಾಲದಲ್ಲಿ ‘ಕೇಸ್ ಮಾಡಿಂಗ್’ ಎಂಬ ಹವ್ಯಾಸ ಹುಟ್ಟಿತು. ಪೆಟ್ಟಿಗೆಯನ್ನು ತನ್ನ ಇಷ್ಟದಂತೆ ಬದಲಾಯಿಸುವುದು ಎಂದು ಇದರ ಅರ್ಥ. ಇದರ ಮೂಲ ಅಲಂಕಾರದಲ್ಲಿಲ್ಲ, ಶಾಖದಲ್ಲಿದೆ. 1993ರ ಮೊದಲ ಪೆಂಟಿಯಂ ಚಿಪ್ ಸುಮಾರು 15 ವಾಟ್ ಶಾಖ ಹೊಮ್ಮಿಸುತ್ತಿತ್ತು. 2004ರ ಹೊತ್ತಿಗೆ ಕೆಲವು ಪೆಂಟಿಯಂ-4 ಚಿಪ್ಪುಗಳಲ್ಲಿ ಇದು 100 ವಾಟನ್ನು ದಾಟಿತು, ಎಂದರೆ ಅಂಗೈಯಗಲದ ಜಾಗದಲ್ಲಿ ಹಳೆಯ ನೂರು ಕ್ಯಾಂಡಲ್ ಬಲ್ಬಿನಷ್ಟು ಶಾಖ. ಕಡಿಮೆ ಬೆಲೆಯ ಚಿಪ್ಪನ್ನು ಹೆಚ್ಚು ವೇಗದಲ್ಲಿ ಓಡಿಸುವವರಿಗೆ ಈ ಸಮಸ್ಯೆ ಇನ್ನೂ ಹೆಚ್ಚು. 1998ರಲ್ಲಿ ಬಂದ 300 ಮೆಗಾಹರ್ಟ್ಸ್‌ನ ಸೆಲೆರಾನ್ ಚಿಪ್ಪನ್ನು ಅನೇಕರು 450ರಲ್ಲಿ ಓಡಿಸಿದರು. ಹಣವುಳ್ಳವನ ವೇಗವನ್ನು ಹಣವಿಲ್ಲದವನು ಪಡೆಯುವ ಉಪಾಯ ಇದು. ಆದರೆ ಅದಕ್ಕೆ ತಂಪು ಬೇಕು. ತಗಡಿಗೆ ರಂಧ್ರ ಕೊರೆದು ಹೆಚ್ಚುವರಿ ಫ್ಯಾನ್ ಕೂರಿಸಲು ಆರಂಭಿಸಿದ ಕೈಗಳು ಬಳಿಕ ಬದಿಯಲ್ಲಿ ದೊಡ್ಡ ಕಿಟಕಿ ಕೊರೆದು ಅಕ್ರಿಲಿಕ್ ಹಾಳೆ ಕೂರಿಸಿದವು, ಒಳಗೆ ಬಣ್ಣದ ದೀಪ ಹಚ್ಚಿದವು.

1998ರಲ್ಲಿ ಬಣ್ಣದ ಪಾರದರ್ಶಕ ಮೈಯ ‘ಐಮ್ಯಾಕ್’ ಬಂದು, ಕಂಪ್ಯೂಟರ್ ಮಾಸಲು ಬಣ್ಣದ್ದೇ ಆಗಬೇಕಿಲ್ಲ ಎಂದು ಎಲ್ಲರಿಗೂ ತೋರಿಸಿತು. ಹಲವಾರು ಯುವಕರು ತಮ್ಮ ಕಂಪ್ಯೂಟರನ್ನು ಹೊತ್ತು ತಂದು ಒಂದೆಡೆ ಸೇರಿ ಆಡುವ ಕೂಟಗಳು ಈ ಹವ್ಯಾಸಕ್ಕೆ ಪ್ರದರ್ಶನದ ವೇದಿಕೆಯಾದವು. 1994ರಲ್ಲಿ ಸ್ವೀಡನ್ನಿನ ಮಾಲುಂಗ್ ಎಂಬ ಊರಿನ ಶಾಲೆಯೊಂದರಲ್ಲಿ ಆರಂಭವಾದ ‘ಡ್ರೀಮ್‌ಹ್ಯಾಕ್’ ಮುಂದೆ ಸಾವಿರಾರು ಮಂದಿ ಸೇರುವ ಮೇಳವಾಯಿತು. 2001ರಲ್ಲಿ ತೈವಾನಿನ ವಯಾ ಕಂಪೆನಿ 170 ಮಿಲಿಮೀಟರ್ ಚೌಕದ ‘ಮಿನಿ-ಐಟಿಎಕ್ಸ್’ ಬೋರ್ಡನ್ನು ತಂದಮೇಲೆ ಹಳೆಯ ರೇಡಿಯೋ, ಸೂಟ್‌ಕೇಸ್, ಆಟಿಕೆ ವಿಮಾನ, ಎಲ್ಲವೂ ಕಂಪ್ಯೂಟರಿನ ಮನೆಯಾದವು. ಈ ಹುಡುಗರು ಕೈಯಿಂದ ಕೊರೆದ ಕಿಟಕಿಯನ್ನು ಕಾರ್ಖಾನೆಗಳು ಬೇಗನೇ ನಕಲು ಮಾಡಿದವು. ಇಂದು ಅಂಗಡಿಯಲ್ಲಿ ಸಿಗುವ ಗಾಜಿನ ಬದಿಯ, ದೀಪಗಳ ಕ್ಯಾಬಿನೆಟ್ಟಿನ ಪೂರ್ವಜರು ಅವರೇ.

ಆಟಿಕೆಯ ಇಟ್ಟಿಗೆ, ಕಾರ್ಕ್ ಹಾಳೆ

ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೈ ಬ್ರಿನ್ ಎಂಬ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿದ್ದರು. ತಮ್ಮ ಹುಡುಕಾಟದ ಪ್ರಯೋಗಕ್ಕೆ ಅವರಿಗೆ ಹೆಚ್ಚು ಸಂಗ್ರಹ ಬೇಕಿತ್ತು. ತಲಾ 4 ಗಿಗಾಬೈಟಿನ 10 ಹಾರ್ಡ್ ಡಿಸ್ಕುಗಳನ್ನು ಒಟ್ಟಿಗೆ ಇಡಲು ಮಕ್ಕಳು ಆಡುವ ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಪೆಟ್ಟಿಗೆ ಕಟ್ಟಲಾಯಿತು. ಇಟ್ಟಿಗೆಗಳನ್ನು ಬೇಕೆಂದಾಗ ಬಿಚ್ಚಬಹುದು, ಬೇಕಾದ ಕಡೆ ಗಾಳಿಗೆ ಜಾಗ ಬಿಡಬಹುದು. ಗೂಗಲ್ ಸಂಸ್ಥೆಯ ಮೊದಲ ದಿನಗಳ ನೆನಪಾಗಿ ಆ ಪೆಟ್ಟಿಗೆಯನ್ನು ವಿಶ್ವವಿದ್ಯಾಲಯ ಕಾದಿರಿಸಿದೆ.

1999ರಲ್ಲಿ ಗೂಗಲ್ ತನ್ನ ಯಂತ್ರಗಳನ್ನು ಸಾಲಾಗಿ ಜೋಡಿಸಬೇಕಾದಾಗ ಬ್ರಾಂಡೆಡ್ ಸರ್ವರುಗಳನ್ನು ಕೊಳ್ಳಲಿಲ್ಲ. ಪೆಟ್ಟಿಗೆಯಿಲ್ಲದ ಸಾಮಾನ್ಯ ಮದರ್‌ಬೋರ್ಡುಗಳನ್ನು ಒಂದು ತಟ್ಟೆಗೆ ನಾಲ್ಕರಂತೆ ಇಟ್ಟು, ಲೋಹದ ತಟ್ಟೆಗೆ ತಗುಲಿ ಶಾರ್ಟ್ ಆಗದಂತೆ ಕೆಳಗೆ ಕಾರ್ಕ್ ಹಾಳೆ ಹಾಸಿದರು. ನೋಡಲು ಚೆಂದವಿಲ್ಲದ ಈ ಜೋಡಣೆ ಕೂಡಾ ಇಂದು ವಸ್ತುಸಂಗ್ರಹಾಲಯ ಸೇರಿದೆ. ಹಣ ಕಡಿಮೆಯಿದ್ದಾಗ ಪೆಟ್ಟಿಗೆಯ ನಾಲ್ಕು ಕೆಲಸಗಳಲ್ಲಿ ಯಾವುದು ಅಗತ್ಯ, ಯಾವುದನ್ನು ಬಿಡಬಹುದು ಎಂದು ತಿಳಿದಿದ್ದವರ ಲೆಕ್ಕಾಚಾರ ಅದು.

ಕ್ಯಾನಿನೊಳಗಿನ ಕಂಪ್ಯೂಟರ್

ಇತ್ತೀಚಿನ ಎರಡು ಉದಾಹರಣೆಗಳನ್ನು ಹೇಳಿ ಈ ಇತಿಹಾಸವನ್ನು ಮುಗಿಸಬಹುದು. 2011ರಲ್ಲಿ ಪ್ಯಾರಿಸ್ಸಿನ ವಿನ್ಯಾಸ ವಿದ್ಯಾರ್ಥಿಗಳು 20 ಲೀಟರಿನ ಪ್ಲಾಸ್ಟಿಕ್ ಕ್ಯಾನಿನೊಳಗೆ ಹಳೆಯ ಕಂಪ್ಯೂಟರಿನ ಭಾಗಗಳನ್ನು ಜೋಡಿಸಿ ‘ಜೆರಿ’ ಎಂದು ಹೆಸರಿಟ್ಟರು. ನೀರು ಎಣ್ಣೆ ತುಂಬಿಸುವ ಇಂತಹ ಕ್ಯಾನ್ ಎಲ್ಲ ಊರಿನಲ್ಲೂ ಸಿಗುತ್ತದೆ, ಚಾಕುವಿನಿಂದ ಕತ್ತರಿಸಬಹುದು, ಹೊತ್ತೊಯ್ಯಲು ಹಿಡಿಯೂ ಇದೆ. ಆಫ್ರಿಕಾದ ಐವರಿ ಕೋಸ್ಟ್, ಟೋಗೋ, ಬೆನಿನ್ ಮುಂತಾದ ದೇಶಗಳ ಯುವಕರು ಇದನ್ನು ತಮ್ಮದಾಗಿಸಿಕೊಂಡರು. ಎಸೆದ ಕಂಪ್ಯೂಟರುಗಳಿಂದ ಕೆಲಸ ಮಾಡುವ ಭಾಗಗಳನ್ನು ಆರಿಸಿ, ಉಚಿತ ಸಾಫ್ಟ್‌ವೇರ್ ತುಂಬಿ, ಎಲ್ಲರೂ ಸೇರಿ ಕಟ್ಟುವ ಶಿಬಿರಗಳನ್ನು ನಡೆಸಿದರು.

ಎರಡನೆಯದು ‘ರಾಸ್ಪ್‌ಬೆರಿ ಪೈ’. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಬಂದ ಈ ಪುಟ್ಟ ಬೋರ್ಡಿನ ಗಾತ್ರ ಒಂದು ಎಟಿಎಂ ಕಾರ್ಡಿನಷ್ಟು, ಬೆಲೆ 35 ಡಾಲರ್. ಕಂಪ್ಯೂಟರ್ ವಿಜ್ಞಾನ ಕಲಿಯಲು ವಿಶ್ವವಿದ್ಯಾಲಯಕ್ಕೆ ಬರುವ ಹುಡುಗರಿಗೆ ಸ್ವತಃ ಪ್ರೋಗ್ರಾಮ್ ಬರೆದ ಅನುಭವ ಕಡಿಮೆಯಾಗುತ್ತಿದೆ ಎಂಬ ಎಬೆನ್ ಅಪ್ಟನ್ ಮತ್ತು ಅವರ ಸಹೋದ್ಯೋಗಿಗಳ ಚಿಂತೆಯೇ ಅದರ ಹುಟ್ಟಿಗೆ ಕಾರಣ. ಅದೂ ಆಪಲ್-1ರಂತೆ ಪೆಟ್ಟಿಗೆಯಿಲ್ಲದೆ ಬಂತು. ಮಕ್ಕಳು ಆಟಿಕೆ ಇಟ್ಟಿಗೆ, ರಟ್ಟು, ಮರದಿಂದ ಅದಕ್ಕೆ ಮನೆ ಕಟ್ಟಿದರು. 36 ವರ್ಷಗಳ ಬಳಿಕ ಬರಿಯ ಬೋರ್ಡು ಮತ್ತೆ ಗುರುವಿನ ಕೆಲಸ ಮಾಡಿತು.

ನಮಗೇನು ಪಾಠ?

ಈ ಇತಿಹಾಸದ ಸಾರಾಂಶ ಸರಳವಾಗಿದೆ. ಯಂತ್ರದ ನಕ್ಷೆ ತೆರೆದಿದ್ದಾಗ, ಅಳತೆ ಎಲ್ಲರಿಗೂ ತಿಳಿದಿದ್ದಾಗ, ಹೇಳಿಕೊಡುವವರೊಬ್ಬರು ಇದ್ದಾಗ ಸಾಮಾನ್ಯ ಜನರು ಕಂಪ್ಯೂಟರಿನ ಮನೆಯನ್ನು ತಾವೇ ಕಟ್ಟಿದ್ದಾರೆ. ಈ ಮೂರರಲ್ಲಿ ಒಂದು ತಪ್ಪಿದಾಗ ಕೇವಲ ಗಿರಾಕಿಗಳಾಗಿ ಉಳಿದಿದ್ದಾರೆ. ಇಂದು ಮೊಬೈಲ್ ಮತ್ತು ಲ್ಯಾಪ್‌ಟಾಪುಗಳನ್ನು ಅಂಟು ಹಾಕಿ ಮುಚ್ಚಲಾಗುತ್ತದೆ. ಹಲವು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಕೂಡಾ ಬದಲಾಯಿಸಲು ಬರುವುದಿಲ್ಲ. ಜೇಬಿನಲ್ಲೊಂದು ಕಂಪ್ಯೂಟರ್ ಇಟ್ಟುಕೊಂಡು ತಿರುಗುವ ತಲೆಮಾರು ಅದರ ಒಳಗನ್ನು ಒಮ್ಮೆಯೂ ನೋಡದೆ ಬೆಳೆಯುತ್ತಿದೆ.

ಒಂದು ಕಾಲದಲ್ಲಿ ನಮ್ಮ ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಕಳಚಿ ಹೋಗಬೇಕಿತ್ತು, ಯಂತ್ರಕ್ಕೆ ಬಟ್ಟೆಯ ಹೊದಿಕೆ ಇರುತ್ತಿತ್ತು. ಬೆಲೆಬಾಳುವ ವಸ್ತು ಹಾಳಾಗಬಾರದೆಂಬ ಆ ಕಾಳಜಿ ತಪ್ಪಲ್ಲ. ಆದರೆ ಅದರ ಜೊತೆಗೇ ‘ಮುಟ್ಟಬೇಡ’ ಎಂಬ ಭಯವನ್ನೂ ನಾವು ಕಲಿಸಿದೆವು. ಬಡ ಮನೆಯ ಮಗುವಿಗೆ ಈ ಭಯದಿಂದ ಆಗುವ ನಷ್ಟ ಹೆಚ್ಚು. ಮನೆಯಲ್ಲಿ ಯಂತ್ರವಿರುವ ಮಗು ಅಲ್ಲಿ ಮುಟ್ಟಿ ನೋಡುತ್ತದೆ. ಮನೆಯಲ್ಲಿಲ್ಲದ ಮಗುವಿಗೆ ಶಾಲೆಯಲ್ಲಿ ಅವಕಾಶ ಸಿಗದಿದ್ದರೆ ಬೇರೆಲ್ಲೂ ಸಿಗುವುದಿಲ್ಲ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿ ‘ವಿಂಡೋಸ್-10’ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೊಸ ವಿಂಡೋಸನ್ನು ಹಾಕಲಾಗದ ಎಷ್ಟೋ ಡೆಸ್ಕ್‌ಟಾಪ್‌ಗಳು ಸುಸ್ಥಿತಿಯಲ್ಲಿದ್ದರೂ ಮೂಲೆ ಸೇರುತ್ತಿವೆ. ಲಿನಕ್ಸ್ ಹಾಕಿದರೆ ಅವುಗಳಲ್ಲಿ ಬಹಳಷ್ಟು ಇನ್ನೂ ಕೆಲವು ವರ್ಷ ದುಡಿಯಬಲ್ಲವು. ಅಂತಹ ಒಂದೆರಡು ಯಂತ್ರಗಳನ್ನು ಪಡೆದು, ಪ್ಲೈವುಡ್ ಅಥವಾ ಅಕ್ರಿಲಿಕ್ಕಿನಿಂದ ಹೊಸ ಪೆಟ್ಟಿಗೆ ಕಟ್ಟುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಡಬಹುದು. ಹತ್ತಿರದ ಬಡಗಿಯನ್ನೂ ಇಲೆಕ್ಟ್ರೀಷಿಯನ್ನನ್ನೂ ಒಂದು ದಿನದ ಮೇಷ್ಟ್ರಾಗಿ ಕರೆಸಬಹುದು.

ಕೈಹಾಕುವ ವಿದ್ಯಾರ್ಥಿಗಳು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಕರೆಂಟು ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಎಂದಿಗೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಅದನ್ನು ಇಡಿಯಾಗಿಯೇ ಹೊಸ ಪೆಟ್ಟಿಗೆಗೆ ವರ್ಗಾಯಿಸಿ, ಮೂರು ಪಿನ್ನಿನ, ಅರ್ಥಿಂಗ್ ಇರುವ ಸಾಕೆಟ್ಟಿಗೇ ಜೋಡಿಸಬೇಕು. ಮದರ್‌ಬೋರ್ಡ್ ಲೋಹಕ್ಕೆ ತಗುಲದಂತೆ ಹಿತ್ತಾಳೆಯ ಪುಟ್ಟ ಕಂಬಗಳ ಮೇಲೆ ನಿಲ್ಲಿಸಬೇಕು. ಒಂದು ಬದಿಯಿಂದ ತಂಪುಗಾಳಿ ಒಳಗೆ ಬಂದು ಮತ್ತೊಂದು ಬದಿಯ ಮೇಲ್ಭಾಗದಿಂದ ಬಿಸಿಗಾಳಿ ಹೊರಹೋಗುವಂತೆ ಫ್ಯಾನ್ ಇಡಬೇಕು. ಗಾಳಿ ಬರುವ ಕಿಂಡಿಗೆ ಸೊಳ್ಳೆಪರದೆಯಂತಹ ತೆಳು ಜಾಲರಿ ಕಟ್ಟಿದರೆ ಧೂಳು ತಡೆಯುತ್ತದೆ. ಇದೆಲ್ಲವೂ ಅಧ್ಯಾಪಕರ ಸಮ್ಮುಖದಲ್ಲೇ ನಡೆಯಬೇಕು.

ಹೀಗೆ ಕಟ್ಟಿದ ಪೆಟ್ಟಿಗೆ ಅಂಗಡಿಯದರಷ್ಟು ನಯವಾಗಿರಲಿಕ್ಕಿಲ್ಲ. ಅದರ ಮೂಲೆಗಳು ಸರಿಯಾಗಿ ಕೂಡದಿರಬಹುದು. ಆದರೆ ನಾಳೆ ಯಂತ್ರ ಕೆಟ್ಟಾಗ ಅದನ್ನು ಕಟ್ಟಿದ ಹುಡುಗ ಅಥವಾ ಹುಡುಗಿ ಸ್ಕ್ರೂಡ್ರೈವರ್ ಹಿಡಿದು ಮುಂದೆ ಬರುತ್ತಾರೆ, ದೂರ ನಿಂತು ನೋಡುವುದಿಲ್ಲ. ವಿದ್ಯಾಸಂಸ್ಥೆಯೊಂದು ತನ್ನ ಮಕ್ಕಳಿಗೆ ಕೊಡಬಹುದಾದ ಕೊಡುಗೆಗಳಲ್ಲಿ ಈ ಧೈರ್ಯ ಸಣ್ಣದೇನಲ್ಲ.